ಸೋಲಿಗೆ ಹರಕೆ ಹೊತ್ತ ಚಳಿಗಾಲ

ಆ ಬೆಳಿಗ್ಗೆ ಮಕ್ಕಳನ್ನೆಲ್ಲ ಶಾಲೆಗೆ ಇಳಿಸಿ, ಬಸ್ಸನ್ನು ಯಾರ್ಡಿನಲ್ಲಿ ನಿಲ್ಲಿಸಿ, ಡ್ರೈವರುಗಳ ಕೋಣೆಗೆ ಕಾಲಿಟ್ಟಾಗ ಯಾರೋ ತೀರಿಕೊಂಡಿದ್ದಾರೆ ಅಂದುಕೊಂಡೆ. ಯಾರೂ ಮಾತಾಡುತ್ತಿರಲಿಲ್ಲ. ಮುದುಕ ವಾಲ್ಟ್ ಟೋಪಿ ತೆಗೆದು ಮೇಜಿನ ಮೇಲಿಟ್ಟು ತಲೆ ತಗ್ಗಿಸಿಕೊಂಡಿದ್ದ. ರೇಡಿಯೊದಲ್ಲಿ ನಮ್ಮನ್ನೆಲ್ಲ ದಾರಿ ನಡೆಸುವ ಡೋರೀನ್ ಕಾಫಿ ಲೋಟದೊಳಗೆ ನೋಡುತ್ತ ಕೂತಿದ್ದಳು. ನಾನು ಮೆಲ್ಲಗೆ ಅವಳ ಪಕ್ಕಕ್ಕೆ ಹೋಗಿ, ಯಾರು ಹೋದದ್ದು ಎಂದು ಕೇಳಿದೆ.

"ಯಾರೂ ಹೋಗಿಲ್ಲ. ನಿನ್ನೆ ನಾವು ಗೆದ್ದುಬಿಟ್ಟೆವು" ಅಂದಳು.

ನಾವು ಅಂದರೆ ಟೊರೊಂಟೊದ ಹಾಕಿ ತಂಡ. ಮಂಜುಗಡ್ಡೆಯ ಮೇಲೆ ಆಡುವ, ನೀಲಿ ಅಂಗಿಯ, ಈ ಊರುಗಳ ಜನ ಹುಟ್ಟಿದಾಗಿನಿಂದ ಪ್ರೀತಿಸುವ ಮತ್ತು ಅದಕ್ಕಿಂತ ಹೆಚ್ಚಾಗಿ ಬೈಯುವ ತಂಡ. ಗೆದ್ದರೆ ಸೂತಕ ಹಿಡಿದವರ ಹಾಗೆ ಕೂರುವುದು ಏಕೆ? ನನ್ನ ಪ್ರಶ್ನೆಗೆ ಅಲ್ಲಿದ್ದ ಆರೇಳು ಜನ ಒಟ್ಟಿಗೇ ಉತ್ತರ ಕೊಡಲು ಶುರು ಮಾಡಿದರು. ನನಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಇವರಿಗೆಲ್ಲ ಚಳಿಗೆ ತಲೆ ಕೆಟ್ಟಿದೆ ಎಂದುಕೊಂಡು ನನ್ನ ಡಬ್ಬಿ ಬಿಚ್ಚಿದೆ.

ಜಾರ್ಜ್‌ಟೌನಿಗೆ ನಾವು ಬಂದದ್ದು ತೊಂಬತ್ತರ ದಶಕದ ಕೊನೆಗೆ. ಟೊರೊಂಟೊದಿಂದ ರೈಲಿನಲ್ಲಿ ಗಂಟೆಯ ಮೇಲಿನ ದಾರಿ. ಆಗಿನ್ನೂ ಊರು ಮುಗಿದ ಕೂಡಲೇ ಹೊಲ ಶುರುವಾಗುತ್ತಿತ್ತು. ನನ್ನ ಗಂಡ ಬಸವರಾಜ ಹುಬ್ಬಳ್ಳಿಯ ಗೋಕುಲ ರೋಡಿನ ಕೈಗಾರಿಕೆ ಎಸ್ಟೇಟಿನಲ್ಲಿ ವಾಲ್ವು ತಯಾರಿಸುವ ಕಾರ್ಖಾನೆಯ ಮೇಸ್ತ್ರಿಯಾಗಿದ್ದವರು. ಇಲ್ಲಿ ಒಂದು ಮಷೀನ್ ಶಾಪಿನಲ್ಲಿ ಲೇಥ್ ಮುಂದೆ ನಿಂತರು. ನಾನು ಹುಬ್ಬಳ್ಳಿಯ ಕನ್ಯಾಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದೆ. ಕೆನಡಾದ ಗೋಧಿ ಬಯಲು, ಸರೋವರಗಳು, ಎಲ್ಲವನ್ನೂ ಮಕ್ಕಳಿಂದ ನಕ್ಷೆಯಲ್ಲಿ ಬಣ್ಣ ಹಚ್ಚಿಸಿದವಳು ನಾನೇ. ಆದರೆ ನಾವು ಬಾಡಿಗೆಗಿದ್ದ ನೆಲದಡಿಯ ಬೇಸ್‌ಮೆಂಟಿನ ಕಿಟಕಿಯಿಂದ ನೋಡಿದರೆ ಕೆನಡಾ ಅಂದರೆ ಬರೀ ಜನರ ಬೂಟುಗಳು ಎಂದು ಯಾವ ಭೂಗೋಳದ ಪುಸ್ತಕದಲ್ಲೂ ಬರೆದಿರಲಿಲ್ಲ.

ಆ ಬೇಸ್‌ಮೆಂಟಿನಲ್ಲಿ ರೊಟ್ಟಿ ಬಡಿದರೆ ಮೇಲಿನ ಮನೆಯವರು ಬಾಗಿಲು ತಟ್ಟಿ, ಏನಾದರೂ ರಿಪೇರಿ ನಡೆದಿದೆಯೇ ಎಂದು ಬಹಳ ಮರ್ಯಾದೆಯಿಂದ ಕೇಳುತ್ತಿದ್ದರು. ಜೋಳದ ಹಿಟ್ಟಿಗೆ ಜೆರಾರ್ಡ್ ಬೀದಿಯ ಇಂಡಿಯಾ ಬಜಾರಿನ ತನಕ ಹೋಗಬೇಕಿತ್ತು. ಇಲ್ಲಿಯವರು ಎಲ್ಲದಕ್ಕೂ ಸಾರಿ ಅನ್ನುತ್ತಾರೆ, ಬಾಗಿಲು ಹಿಡಿದು ನಿಲ್ಲುತ್ತಾರೆ, ಹವಾಮಾನ ವಿಚಾರಿಸುತ್ತಾರೆ. ಹುಬ್ಬಳ್ಳಿಯಲ್ಲಿ ಬಸ್ಸಿನಲ್ಲಿ ಪಕ್ಕ ಕೂತವಳು ಗಂಡನ ಪಗಾರದಿಂದ ಹಿಡಿದು ಮೊಣಕಾಲ ನೋವಿನವರೆಗೆ ಕೇಳಿ, ಇಳಿಯುವಾಗ ಔಷಧವನ್ನೂ ಹೇಳಿ ಹೋಗುತ್ತಾಳೆ. ಇಲ್ಲಿ ನಾಲ್ಕು ವರ್ಷ ಎಲ್ಲರೂ ನನ್ನೊಡನೆ ಚೆನ್ನಾಗಿ ನಡೆದುಕೊಂಡರು, ಯಾರೂ ಮಾತಾಡಲಿಲ್ಲ. ಒಂಟಿತನ ಅಂದರೆ ಇದೇ ಎಂದು ನನಗೆ ಆಮೇಲೆ ಗೊತ್ತಾಯಿತು.

ಸ್ಕೂಲ್ ಬಸ್ಸಿನ ಡ್ರೈವರ್ ಕೆಲಸಕ್ಕೆ ಅರ್ಜಿ ಹಾಕಿದಾಗ ನನಗೆ ಸೈಕಲ್ಲನ್ನೂ ಸರಿಯಾಗಿ ಹೊಡೆಯಲು ಬರುತ್ತಿರಲಿಲ್ಲ. ಕಾರು ಕಲಿತೆ, ಬಸ್ಸು ಕಲಿತೆ, ಎರಡು ಸಲ ಫೇಲಾದೆ, ಮೂರನೆಯ ಸಲ ಪರೀಕ್ಷಕ ಕೈ ಕುಲುಕಿದ. ಈ ದೇಶದಲ್ಲಿ ಒಂದು ಕಾನೂನಿದೆ. ಹಳದಿ ಬಸ್ಸು ನಿಂತು ಕೆಂಪು ದೀಪ ಮಿಣುಕಿಸಿದರೆ ಹಿಂದಿನವರೂ ನಿಲ್ಲಬೇಕು, ಎದುರಿನವರೂ ನಿಲ್ಲಬೇಕು. ಎಂಥ ದೊಡ್ಡ ಲಾರಿಯಾದರೂ ಕೊನೆಯ ಮಗು ರಸ್ತೆ ದಾಟುವ ತನಕ ಮಿಸುಕುವ ಹಾಗಿಲ್ಲ. ಚೆನ್ನಮ್ಮ ಸರ್ಕಲ್‌ನಲ್ಲಿ ರಸ್ತೆ ದಾಟಲು ದೇವರ ಮೇಲೆ ಭಾರ ಹಾಕುತ್ತಿದ್ದ ನಾನು ಒಂದು ಗುಂಡಿ ಒತ್ತಿದರೆ ಇಡೀ ಹೆದ್ದಾರಿ ನಿಲ್ಲುತ್ತಿತ್ತು. ಮೊದಲ ದಿನ ಎರಡೂ ದಿಕ್ಕಿನ ಗಾಡಿಗಳು ನಿಂತದ್ದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಆ ಬಸ್ಸನ್ನು ನಾನು ಪ್ರೀತಿಸಿದೆ, ಈಗಲೂ ಹೇಳಲು ನಾಚಿಕೆಯಿಲ್ಲ.

ಸರಿ, ಹಾಕಿಯ ಮಾತಿಗೆ ಬರುತ್ತೇನೆ. ಗೆದ್ದು ಅಳುವವರ ಗುಟ್ಟನ್ನು ನನಗೆ ಬಿಡಿಸಿ ಹೇಳಿದವನು ವಾಲ್ಟ್. ಜೀವನವಿಡೀ ಪೋಸ್ಟ್‌ಮ್ಯಾನ್ ಆಗಿದ್ದು, ನಿವೃತ್ತಿಯ ನಂತರ ಮನೆಯಲ್ಲಿ ಕೂರಲಾಗದೆ ಬಸ್ಸು ಹಿಡಿದವನು. ಅವನು ಟೋಪಿಯನ್ನು ಅಂಗಾತ ಇಟ್ಟು, ಅದರೊಳಗೆ ಸಕ್ಕರೆ ಪೊಟ್ಟಣಗಳನ್ನು ತುಂಬುತ್ತ ವಿವರಿಸಿದ. ಪ್ರತಿ ಬೇಸಿಗೆಯಲ್ಲಿ ಹದಿನೆಂಟರ ಆಸುಪಾಸಿನ ಹೊಸ ಆಟಗಾರರನ್ನು ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಅದು ಡ್ರಾಫ್ಟು. ಮೊದಲು ಆರಿಸುವವರಿಗೆ ಅತ್ಯುತ್ತಮ ಹುಡುಗ. ಆ ಮೊದಲ ಸರದಿ ಗೆದ್ದವರಿಗಲ್ಲ, ಸೋತವರಿಗೆ. ಬೇಕೆಂದೇ ಸೋಲಬಾರದು ಎಂದು ನಡುವೆ ಲಾಟರಿ ಇಟ್ಟಿದ್ದಾರೆ. ಹೆಚ್ಚು ಸೋತ ತಂಡಕ್ಕೆ ಹೆಚ್ಚು ಚೀಟಿ, ಸ್ವಲ್ಪ ಕಡಿಮೆ ಸೋತದ್ದಕ್ಕೆ ಕಡಿಮೆ ಚೀಟಿ. ಲಾಟರಿ ಗೆದ್ದ ತಂಡ ನಾಲ್ಕು ಮೆಟ್ಟಿಲು ಮಾತ್ರ ಮೇಲೇರಬಹುದು. ಅಂದರೆ ಕೊನೆಯ ಐದು ತಂಡಗಳಲ್ಲಿ ಒಂದಾಗಿದ್ದರೆ ಮಾತ್ರ ಮೊದಲ ಹುಡುಗನ ಆಸೆ. ಆರನೆಯದಾದರೆ ಮುಗಿಯಿತು.

"ನಮ್ಮ ತಂಡದ ಹಣೆಬರಹ ನೋಡು" ಅಂದ ವಾಲ್ಟ್. "ಚಳಿಗಾಲವಿಡೀ ಸೋಲುತ್ತದೆ. ಇನ್ನೇನು ಸೋಲಿನಿಂದ ಲಾಭ ಸಿಗಬೇಕು ಅನ್ನುವಾಗ ಗೆಲ್ಲಲು ಶುರು ಮಾಡುತ್ತದೆ."

ನನಗೆ ತಟ್ಟನೆ ಅರ್ಥವಾಯಿತು, ಏಕೆಂದರೆ ನಾನು ಭಿಶಿ ಕಟ್ಟಿದವಳು. ಹುಬ್ಬಳ್ಳಿ-ಧಾರವಾಡದ ಹೆಂಗಸರಿಗೆ ಭಿಶಿ ಎಂದರೆ ವಿವರಿಸಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ಓಣಿಯ ಹೆಂಗಸರೆಲ್ಲ ತಿಂಗಳಿಗೊಮ್ಮೆ ಸೇರಿ, ಎಲ್ಲರ ಹೆಸರಿನ ಚೀಟಿ ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಯಾರ ಹೆಸರು ಬಂತೋ ಅವರಿಗೆ ಆ ತಿಂಗಳ ಗಂಟು. ಅಲ್ಲಿ ಎಲ್ಲರಿಗೂ ಒಂದೇ ಚೀಟಿ. ಕಷ್ಟದಲ್ಲಿದ್ದವಳಿಗೆ ಎರಡು ಚೀಟಿ ಇರಬೇಕಿತ್ತು ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೆ. ಇವರು ಅದನ್ನು ಮಾಡಿದ್ದಾರೆ! ಈ ದೇಶದ ಬಗ್ಗೆ ನನಗೆ ಆ ಕ್ಷಣ ನಿಜವಾದ ಗೌರವ ಹುಟ್ಟಿತು.

ಮುಂದಿನ ಚರ್ಚೆ, ಸರದಿ ಸಿಕ್ಕರೆ ಯಾವ ಹುಡುಗನನ್ನು ಆರಿಸಬೇಕು ಎಂಬುದು. ವಾಲ್ಟನಿಗೆ ಗೋಡೆಯಂತೆ ನಿಲ್ಲುವ ದೊಡ್ಡ ಡಿಫೆನ್ಸ್ ಹುಡುಗ ಬೇಕು. ಡೋರೀನಳಿಗೆ ನಡುವೆ ನಿಂತು ದಾಳಿ ನಡೆಸುವ ಚುರುಕಾದ ಕುಳ್ಳ ಸೆಂಟರ್ ಬೇಕು. ಒಂದು ದಿನ ನಾನು ಬಾಯಿ ತೆರೆದು, ಗೋಲ್‌ಕೀಪರ್ ತಗೊಳ್ಳಿ ಅಂದೆ. ಇಡೀ ಮೇಜು ನನ್ನ ಮೇಲೆ ಬಿತ್ತು. ಗೋಲ್‌ಕೀಪರುಗಳು ಪಕ್ವವಾಗಲು ವರ್ಷಗಟ್ಟಲೆ ಬೇಕು, ಮೊದಲ ಸರದಿ ಅದಕ್ಕೆ ಹಾಳು ಮಾಡುತ್ತಾರೆಯೇ, ನಿನಗೆ ಹಾಕಿ ಏನು ಗೊತ್ತು ಎಂದು ವಾಲ್ಟ್ ಮೇಜು ಗುದ್ದಿದ. ನಾನೂ ಗುದ್ದಿದೆ. ಮಧ್ಯಾಹ್ನದ ಪಾಳಿ ಶುರುವಾಗುವ ತನಕ ಜಗಳ. ಬಸ್ಸು ಹತ್ತಿ ಕೂತಾಗ ನನ್ನ ಕಣ್ಣು ತುಂಬಿ ಬಂದಿತ್ತು. ಈ ದೇಶಕ್ಕೆ ಬಂದ ಮೇಲೆ ಮೊದಲ ಸಲ ಯಾರೋ ನನ್ನೊಂದಿಗೆ ಮನಸ್ಸು ಬಿಚ್ಚಿ ಜಗಳಾಡಿದ್ದರು.

ಮನೆಯಲ್ಲಿ ಬೇರೆಯೇ ಗಾಳಿ. ನಮ್ಮವರಿಗೆ ಇಲ್ಲಿ ಮನಸ್ಸು ಹತ್ತಲೇ ಇಲ್ಲ. ಕೆಲಸ ಚೆನ್ನಾಗಿ ಮಾಡುತ್ತಿದ್ದರು, ಬೇಸ್‌ಮೆಂಟು ಬಿಟ್ಟು ಸ್ವಂತ ಟೌನ್‌ಹೌಸಿಗೂ ಬಂದೆವು, ಮಗಳು ರಶ್ಮಿ ಇಲ್ಲಿಯ ಇಂಗ್ಲಿಷಿನಲ್ಲೇ ನಮ್ಮನ್ನು ತಿದ್ದುವಷ್ಟು ಬೆಳೆದಳು. ಆದರೆ ಇವರು ಮಾತ್ರ ಲಾಡ್ಜಿನಲ್ಲಿ ಇಳಿದುಕೊಂಡವರಂತೆ ಇದ್ದರು. ಗೋಡೆಗೆ ಒಂದು ಮೊಳೆ ಹೊಡೆಯಲು ಬಿಡುತ್ತಿರಲಿಲ್ಲ, ಹೋಗುವಾಗ ತೂತು ಮುಚ್ಚಬೇಕಾಗುತ್ತದಂತೆ. ನಾವು ಬಂದ ಹತ್ತನೆಯ ವರ್ಷದ ಡಿಸೆಂಬರಿನಲ್ಲಿ ಹುಬ್ಬಳ್ಳಿಯಿಂದ ಗೆಳೆಯ ಶಂಕ್ರಪ್ಪನ ಫೋನು ಬಂತು. ವಾಲ್ವಿನ ಸ್ವಂತ ವರ್ಕ್‌ಶಾಪು ತೆಗೆಯುತ್ತಿದ್ದಾನೆ, ಇವರನ್ನು ಪಾಲುದಾರನಾಗಿ ಕರೆಯುತ್ತಿದ್ದಾನೆ, ಜೂನ್ ಮುಗಿಯುವುದರೊಳಗೆ ಹೂಂ ಅಥವಾ ಊಹೂಂ ಹೇಳಬೇಕು.

"ಹೋಗೂಣು ಗಿರಿಜಾ" ಅಂದರು ನಮ್ಮವರು. ಮುಖದಲ್ಲಿ ನಾನು ವರ್ಷಗಳಿಂದ ಕಾಣದ ಬೆಳಕಿತ್ತು.

"ನಾ ಒಲ್ಲೆ" ಅಂದೆ. "ನನ್ನ ಬಸ್ ಬಿಟ್ಟು ನಾ ಎಲ್ಲೂ ಬರೂದಿಲ್ಲ."

"ಬಸ್ಸಿಗೆ ಗಂಡನ್ನ ಬಿಡ್ತೀ?"

"ವಾಲ್ವಿಗೆ ಹೆಂಡತಿನ್ನ ಬಿಡಾವ್ರು ನೀವು ಮೊದಲ ಹೇಳ್ರಿ."

ನಗುನಗುತ್ತಲೇ ಶುರುವಾದದ್ದು ಮೂರು ವಾರ ಮಾತಿಲ್ಲದ ಮನೆಯಾಯಿತು. ಸಂಕ್ರಾಂತಿಗೆ ಮಿಸಿಸಾಗಾದಲ್ಲಿ ಶ್ರೀನಿಧಿಯ ಮನೆಗೆ ಹೋದೆವು. ಶ್ರೀನಿಧಿ ಬೆಂಗಳೂರಿನವನು, ಸಾಫ್ಟ್‌ವೇರು, ಹಾಕಿಯ ಹುಚ್ಚು ನನಗಿಂತ ಹೆಚ್ಚು. ಊಟವಾದ ಮೇಲೆ ನಮ್ಮ ಕಡೆಯ ಪದ್ಧತಿಯಂತೆ ನಾನು ಎಲ್ಲರ ಕೈಗೂ ಕುಸುರೆಳ್ಳು ಹಾಕುತ್ತ ಬಂದೆ. ಕುಸುರೆಳ್ಳು ಕೈಯಲ್ಲಿರುವಾಗ ಆಡಿದ ಮಾತು ಒಳ್ಳೆಯದಿರಬೇಕು, ನಿಜವಿರಬೇಕು. ಇದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಅಷ್ಟರಲ್ಲಿ ಟಿವಿಯಲ್ಲಿ ನಮ್ಮ ತಂಡ ಇನ್ನೊಂದು ಸೋಲು ಸೋತಿತು. ಈ ಸಲ ಮೊದಲ ಸರದಿ ನಮಗೇ ಬರಬಹುದು ಎಂದು ಶ್ರೀನಿಧಿ ಯಾರಿಗೋ ಹೇಳುತ್ತಿದ್ದ. ನಮ್ಮವರು ಅರ್ಧ ಕೇಳಿಸಿಕೊಂಡು, ಎಲ್ಲರ ಎದುರಿಗೆ, ಅಂಗೈಯ ಕುಸುರೆಳ್ಳು ಹಾಗೇ ಹಿಡಿದುಕೊಂಡು, ನನ್ನ ಕಡೆ ತಿರುಗಿ ಹೇಳಿದರು:

"ಇಂಥಾ ಟೀಮಿಗೆ ಫಸ್ಟ್ ನಂಬರ್ ಬಂದ್ರ ಇಲ್ಲೇ ಇರೂಣು. ನಾ ಮತ್ತ ಹುಬ್ಬಳ್ಳಿ ಹೆಸರ ಎತ್ತೂದಿಲ್ಲ. ಬರಲಿಲ್ಲಂದ್ರ ನೀ ಸುಮ್ನ ಗಂಟುಮೂಟೆ ಕಟ್ಟಬೇಕು."

"ಆತು" ಅಂದೆ ತಕ್ಷಣ, ನನ್ನ ಕುಸುರೆಳ್ಳು ಬಾಯಿಗೆ ಹಾಕಿಕೊಂಡು.

ಶ್ರೀನಿಧಿ ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕ. "ಸಾರ್, ಏನ್ ಸಾರ್ ಇದು! ಲಾಸ್ಟ್ ಬಂದವ್ರಿಗೇ ಸಾರ್ ಫಸ್ಟ್ ಪಿಕ್ಕು. ಸೋತಷ್ಟೂ ಅಕ್ಕಂಗೇ ಲಾಭ!"

ನಮ್ಮವರ ಮುಖ ನೋಡುವ ಹಾಗಿತ್ತು. ಜೀವನವಿಡೀ ಮೊದಲ ನಂಬರು ಓದುವ ಹುಡುಗರಿಗೆ, ಗೆಲ್ಲುವ ಪೈಲ್ವಾನರಿಗೆ ಹೋಗುವುದನ್ನು ಕಂಡವರು. ಸೋತವನಿಗೆ ಮೊದಲ ಮರ್ಯಾದೆ ಕೊಡುವ ಊರೊಂದು ಇರಬಹುದು ಎಂದು ಅವರಿಗೆ ಹೊಳೆಯುವುದಾದರೂ ಹೇಗೆ? ಆದರೆ ಕೊಟ್ಟ ಮಾತು ಹಿಂದೆ ಪಡೆಯುವ ಮನುಷ್ಯ ಅಲ್ಲ. ಕುಸುರೆಳ್ಳು ಬಾಯಿಗೆ ಹಾಕಿಕೊಂಡು, ಸಕ್ಕರೆಯ ಬದಲು ಬೇವು ಜಗಿದವರಂತೆ ಜಗಿದರು.

ಮರುದಿನದಿಂದ ನಮ್ಮ ಮನೆಯಲ್ಲಿ ಎರಡು ಪಕ್ಷ. ನಾನು ತಂಡ ಸೋಲಲಿ ಎಂದು ಬೇಡುವವಳು; ಸೋತರೆ ಕೊನೆಯ ಐದರಲ್ಲಿ ಉಳಿಯುತ್ತದೆ, ಚೀಟಿ ಹೆಚ್ಚುತ್ತದೆ, ನನ್ನ ಬಸ್ಸು ಉಳಿಯುತ್ತದೆ. ಅವರು ತಂಡ ಗೆಲ್ಲಲಿ ಎಂದು ಬೇಡುವವರು; ಒಂದೊಂದು ಗೆಲುವೂ ಅವರನ್ನು ಹುಬ್ಬಳ್ಳಿಗೆ ಒಂದೊಂದು ಸ್ಟೇಷನ್ ಹತ್ತಿರ ಒಯ್ಯುತ್ತಿತ್ತು. ಅಡುಗೆಮನೆಯ ಕಪಾಟಿನೊಳಗಿನ ನಮ್ಮ ದೇವರಿಗೆ ಪಂದ್ಯದ ದಿನ ನಾನು ಸೋಲಿಗೆ ತುಪ್ಪದ ದೀಪ ಹರಕೆ ಹೊರುತ್ತಿದ್ದೆ. ಹಿಂದೆಯೇ ಅವರು ಬಂದು ಗೆಲುವಿಗೆ ಕಾಯಿ ಹರಕೆ ಹೊರುತ್ತಿದ್ದರು. ಹತ್ತು ವರ್ಷದಲ್ಲಿ ಒಂದು ದಿನವೂ ಆಟ ನೋಡದಿದ್ದ ಮನುಷ್ಯ ಶನಿವಾರ ಸಂಜೆಯಾದರೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಟಿವಿ ಮುಂದೆ ಕೂರುತ್ತಿದ್ದರು.

ನಿಯಮಗಳು ಗೊತ್ತಿಲ್ಲದೆ ಬೆಂಬಲಿಸುವುದು ಕಷ್ಟ. ಹಾಗಾಗಿ ಕಲಿತರು. ಮಷೀನ್ ಶಾಪಿನಲ್ಲಿ ಊಟದ ಹೊತ್ತಿಗೆ ಒಬ್ಬರೇ ಕೂರುತ್ತಿದ್ದವರು ಜತೆಗಾರರ ಮೇಜಿಗೆ ಹೋಗಿ, ಪವರ್ ಪ್ಲೇ ಎಂದರೇನು ಎಂದು ಕೇಳಿದರಂತೆ. ಫೆಬ್ರವರಿಯಲ್ಲಿ ಕಪ್ಪು-ಬಿಳಿ ಪಟ್ಟೆ ಅಂಗಿಯ ರೆಫರಿಯನ್ನು ನಮ್ಮ ಗಂಡುಮೆಟ್ಟಿನ ಭಾಷೆಯಲ್ಲೇ ಬೈಯಲು ಶುರು ಮಾಡಿದರು.

"ಏ ಕರಿಪಟ್ಟಿ! ಕಣ್ಣ ಏನ್ ಮನ್ಯಾಗ ಇಟ್ಟ ಬಂದೀಯೇನೋ!"

"ಅಪ್ಪಾ, ಚಿಲ್. ದಟ್ ವಾಸ್ ಆಫ್‌ಸೈಡ್" ಅನ್ನುತ್ತಿದ್ದಳು ರಶ್ಮಿ.

"ಆಫ್‌ಸೈಡ್ ಆಗಿದ್ರ ಆಗ್ಲಿ, ಇಂಥಾ ಹೊತ್ತನ್ಯಾಗ ಸೀಟಿ ಊದೂದೇನ?"

ಒಂದು ದಿನ ನೀಲಿ ಟೋಪಿ ಹಾಕಿಕೊಂಡು ಮನೆಗೆ ಬಂದರು. ಇನ್ನೊಂದು ದಿನ ನಮ್ಮ ತಂಡದ ಗೋಲ್‌ಕೀಪರಿನ ಚಿತ್ರವನ್ನು ಪತ್ರಿಕೆಯಿಂದ ಕತ್ತರಿಸಿ, ಸುತ್ತಿಗೆ ತಂದು, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು. ನಾನು ನೋಡಿಯೂ ನೋಡದವಳಂತೆ ಹುಳಿ ಕದಡಿದೆ.

ಮಾರ್ಚ್ ಬಂತು, ವಾಲ್ಟ್ ಹೆದರಿದ್ದೇ ಆಯಿತು. ನಮ್ಮ ತಂಡ ಗೆಲ್ಲತೊಡಗಿತು. ಡ್ರೈವರುಗಳ ಕೋಣೆಯಲ್ಲಿ ಮತ್ತೆ ಸೂತಕ. ಈ ಸಲ ನಾನೂ ಅದರಲ್ಲಿ ಸೇರಿದ್ದೆ, ಉಳಿದವರಿಗಿಂತ ಹೆಚ್ಚಾಗಿ ಸೇರಿದ್ದೆ. ಕೊನೆಯಿಂದ ಮೂರನೆಯವರಾಗಿದ್ದ ನಾವು ನಾಲ್ಕನೆಯವರಾದೆವು, ಐದನೆಯವರಾದೆವು. ಇನ್ನೊಂದು ಗೆಲುವು ಬಂದರೆ ನನ್ನ ಕತೆ ಮುಗಿದ ಹಾಗೆ ಎನ್ನುವಲ್ಲಿಗೆ ಬಂದು ನಿಂತೆವು. ಬೆಳಿಗ್ಗೆ ಬಸ್ಸಿನ ಸುತ್ತ ನಡೆದು ಗಾಲಿ, ದೀಪ ಪರೀಕ್ಷಿಸುವಾಗ ಪ್ರತಿಯೊಂದನ್ನೂ ಮುಟ್ಟಿ ಮುಟ್ಟಿ ನೋಡುತ್ತಿದ್ದೆ.

ಸೀಸನ್ನಿನ ಕೊನೆಯ ಪಂದ್ಯದ ಶನಿವಾರ ಸಂಜೆ ಶ್ರೀನಿಧಿ ಹೆಂಡತಿಯೊಡನೆ ನಮ್ಮ ಮನೆಗೇ ಬಂದ. ನಾನು ಗಿರ್ಮಿಟ್ ಕಲಸಿದ್ದೆ. ಚುರುಮುರಿಗೆ ಉಳ್ಳಾಗಡ್ಡಿ, ಹುಣಸೆ, ಪುಟಾಣಿ ಹಿಟ್ಟು ಹಾಕಿ ಕಲಸುವ ನಮ್ಮ ಹುಬ್ಬಳ್ಳಿಯ ತಿಂಡಿ. ಎದುರಾಳಿ ತಂಡವೂ ನಮ್ಮಂತೆ ಕೊನೆಯ ಸಾಲಿನದೇ. ಕೊನೆಯ ನಿಮಿಷಗಳಲ್ಲಿ ಎರಡೂ ಸಮಸಮ. ಎದುರಾಳಿಯ ಒಬ್ಬ ಹುಡುಗ ಎಲ್ಲರನ್ನೂ ದಾಟಿ, ಇಲ್ಲಿ ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆಯನ್ನು ತಳ್ಳುತ್ತ ಒಬ್ಬನೇ ನಮ್ಮ ಗೋಲಿನತ್ತ ನುಗ್ಗಿದ. ಹೊಡಿ, ಹೊಡಿ ಎಂದು ನನ್ನ ಮನಸ್ಸು ಹೇಳಬೇಕಿತ್ತು. ಆದರೆ ನಮ್ಮ ಗೋಲ್‌ಕೀಪರ್ ಅಡ್ಡಡ್ಡ ಬಿದ್ದು, ಒಂದೇ ಕಾಲು ಚಾಚಿ ಅದನ್ನು ತಡೆದಾಗ ನನ್ನ ಬಾಯಿಂದ "ಭಲೇ ನನ್ನ ಮಗನ!" ಎಂದು ಬಂದೇ ಬಿಟ್ಟಿತು. ತಡೆದ ಆ ಬಿಲ್ಲೆ ನಮ್ಮವರಿಗೆ ಸಿಕ್ಕಿ, ಒಬ್ಬರಿಂದೊಬ್ಬರಿಗೆ ಹೋಗಿ, ಎದುರಿನ ಬಲೆಯೊಳಗೆ ಬಿತ್ತು. ಗೋಲ್!

ನಾನು ಎಗರಿ ನಿಂತಿದ್ದೆ. ಗಿರ್ಮಿಟ್ಟಿನ ಬುಟ್ಟಿ ಕಾರ್ಪೆಟ್ಟಿನ ಮೇಲೆ ಬೋರಲು. ಎರಡೂ ಕೈ ಮೇಲೆತ್ತಿ ಕೂಗುತ್ತಿದ್ದೆ, ರಶ್ಮಿಯನ್ನು ಅಪ್ಪಿಕೊಂಡು ಕುಣಿಯುತ್ತಿದ್ದೆ.

"ಅಕ್ಕಾ, ನೀವ್ಯಾಕ್ ಕುಣೀತಿದೀರ?" ಶ್ರೀನಿಧಿ ಕಣ್ಣು ಬಿಟ್ಟು ಕೇಳಿದ. "ನಿಮ್ ಲಾಟರಿ ಹೋಯ್ತಲ್ಲ!"

ಆಗ ನೆನಪಾಯಿತು. ಕೈ ಇಳಿಸಿದೆ. ಚುರುಮುರಿ ಬಳಿಯುವ ನೆಪದಲ್ಲಿ ಕಸಬರಿಗೆ ತರಲು ಅಡುಗೆಮನೆಗೆ ಹೋಗಿ ಅಲ್ಲೇ ನಿಂತು ಅತ್ತೆ. ನಾಚಿಕೆ, ದುಃಖ, ಗೆದ್ದ ಸಂತೋಷ, ಮೂರೂ ಒಟ್ಟಿಗೇ ಬಂದಿದ್ದವು. ನನ್ನ ಬಸ್ಸಿಗಾಗಿಯೂ ನನ್ನ ತಂಡ ಸೋಲುವುದನ್ನು ಬಯಸಲು ನನಗೆ ಆಗಲಿಲ್ಲ. ಹಿಂದೆಯೇ ನಮ್ಮವರು ಬಂದರು. ಕೂಗಿ ಕೂಗಿ ದನಿ ಬಿದ್ದುಹೋಗಿತ್ತು, ಟೋಪಿ ವಾರೆಯಾಗಿತ್ತು, ಕಣ್ಣು ಮಿರಿಮಿರಿ ಮಿಂಚುತ್ತಿತ್ತು.

"ಗೆದ್ವೀ! ನೋಡಿದಿಲ್ಲ? ಹೆಂಗ ಕಾಲ ಚಾಚಿದಾ! ಏನ್ ಗಂಡಸಲೇ ಅವಾ!" ಅಂದವರು ನನ್ನ ಮುಖ ನೋಡಿ ನಿಂತರು. ಅವರಿಗೂ ಆಗಲೇ ನೆನಪಾದದ್ದು. ಹುಬ್ಬಳ್ಳಿಯ ಸುದ್ದಿ ಆ ಸಂಜೆ ಅವರೂ ಎತ್ತಲಿಲ್ಲ.

ಏಪ್ರಿಲ್‌ನಲ್ಲಿ ಲಾಟರಿ ಎತ್ತಿದಾಗ ನಾವು ಕೊನೆಯ ಐದರ ಹೊರಗೇ ಇದ್ದೆವು. ಮೊದಲ ಹುಡುಗ ಯಾವುದೋ ದೂರದ ಊರಿನ ತಂಡಕ್ಕೆ ಹೋದ. ಡ್ರೈವರುಗಳ ಕೋಣೆಯಲ್ಲಿ ನಾನು ಎದ್ದು ನಿಂತು, ಜೂನ್ ಮುಗಿದ ಮೇಲೆ ಭಾರತಕ್ಕೆ ಹಿಂತಿರುಗುತ್ತಿದ್ದೇವೆ ಎಂದು ಹೇಳಿದೆ. ಪಣದ ವಿಷಯವನ್ನೂ ಹೇಳಿದೆ. ಯಾರೂ ನಗಲಿಲ್ಲ. ವಾಲ್ಟ್ ಪತ್ರಿಕೆಯನ್ನು ಮಡಿಸಿದ, ಮತ್ತೆ ಮಡಿಸಿದ.

"ನಲವತ್ತು ವರ್ಷದಿಂದ ಈ ತಂಡ ನನ್ನ ಹೊಟ್ಟೆ ಉರಿಸಿದೆ" ಅಂದ. "ಇಷ್ಟು ಯಾವತ್ತೂ ಉರಿಸಿರಲಿಲ್ಲ."

ಡೋರೀನ್ ಎದ್ದು ರೇಡಿಯೊ ಕೋಣೆಗೆ ಹೋಗುತ್ತ, "ಶಾಲೆ ಮುಗಿಯುವ ತನಕ ನಾನು ಇದನ್ನು ಕೇಳಿಸಿಕೊಂಡಿಲ್ಲ. ನಿನ್ನ ದಾರಿಯನ್ನು ಯಾರಿಗೂ ಕೊಡುವುದಿಲ್ಲ" ಅಂದಳು.

ಮನೆಗೆ ಬಂದು ನಮ್ಮವರಿಗೆ ಹೇಳಿದೆ: "ಮಾತಂದ್ರ ಮಾತು. ನೀವು ಗೆದ್ರಿ. ಟಿಕೆಟ್ ಮಾಡಸ್ರಿ."

"ಮಾಡಸೂಣಂತ" ಅಂದರು. "ಡ್ರಾಫ್ಟ್ ಒಂದ್ ಮುಗೀಲಿ. ಯಾರ್ ಬರ್ತಾರ ನೋಡಿ ಹೋಗೂಣು."

ಶಂಕ್ರಪ್ಪನ ಫೋನು ವಾರಕ್ಕೊಮ್ಮೆ ಬರತೊಡಗಿತು. ಷೆಡ್ಡು ಎದ್ದಿತು, ಮಷೀನು ಬಂದಿಳಿಯಿತು, ಪೂಜೆಗೆ ದಿನ ನೋಡಬೇಕು ಎನ್ನುತ್ತಿದ್ದ. ಇವರು ಹೂಂ, ಹೂಂ ಅನ್ನುತ್ತ ಎದುರಿಗೆ ಹರವಿದ ಕ್ರೀಡಾಪುಟದಲ್ಲಿ ಹುಡುಗರ ಎತ್ತರ, ತೂಕ ಓದುತ್ತಿದ್ದರು. ಒಂದು ಭಾನುವಾರ ವಾಲ್ಟನನ್ನು ಊಟಕ್ಕೆ ಕರೆದೆ, ಬೀಳ್ಕೊಡುವ ಊಟ ಎಂದುಕೊಂಡು. ಅವನು ಶೇಂಗಾ ಚಟ್ನಿಯನ್ನು ಬೆಣ್ಣೆಯಂತೆ ರೊಟ್ಟಿಗೆ ದಪ್ಪಗೆ ಸವರಿ ತಿಂದು, ಮುಖ ಕೆಂಪಗಾಗಿ, ನೀರು ಕುಡಿದು, ಡಿಫೆನ್ಸ್ ಹುಡುಗನ ಪರ ವಾದ ಆರಂಭಿಸಿದ. ನಮ್ಮವರು ಕುಳ್ಳ ಸೆಂಟರಿನ ಪರ.

"ನೋ, ನೋ, ವಾಲ್ಟ್" ಎಂದು ನಮ್ಮವರು ತಾಟು ಸರಿಸಿ, ಮೇಜಿನ ಮೇಲೆ ಉಪ್ಪಿನ ಡಬ್ಬಿ, ಚಮಚ ಇಟ್ಟು ತೋರಿಸಿದರು. "ಬಿಗ್ ಫೆಲೋ ವಾಟ್ ಯೂಸ್? ಟರ್ನ್ ಆಗೂದ್ರಾಗ ಗೋಲ್ ಫಿನಿಶ್!" ವಾಲ್ಟ್ ಚಮಚವನ್ನು ಕಿತ್ತುಕೊಂಡು ಬೇರೆಡೆ ಇಟ್ಟ. ಸಂಜೆಯ ಚಹಾದ ತನಕ ಆ ಚಮಚ ಅತ್ತಿಂದಿತ್ತ ಓಡಾಡಿತು. ಲಾಡ್ಜಿನಲ್ಲಿ ಇಳಿದುಕೊಂಡ ಮನುಷ್ಯ ಇಷ್ಟು ಜಗಳಾಡುವುದಿಲ್ಲ ಎಂದು ನನಗೆ ಅನ್ನಿಸಿತು. ಆದರೂ ಬಾಯಿ ಬಿಡಲಿಲ್ಲ, ಸೋತವಳು ನಾನು.

ಜೂನ್ ಕೊನೆಗೆ ಡ್ರಾಫ್ಟು. ಶುಕ್ರವಾರ ಸಂಜೆ ಮೊದಲ ಸುತ್ತು. ನಮ್ಮ ತಂಡ ಆರಿಸಿದ ಹುಡುಗನನ್ನು ಕಂಡು ವಾಲ್ಟ್ ಫೋನಿನಲ್ಲಿ ಕೇಕೆ ಹಾಕಿದ, ನಮ್ಮವರು ಪರವಾಗಿಲ್ಲ ಅಂದರು. ಶನಿವಾರ ಉಳಿದ ಸುತ್ತುಗಳು. ಅದನ್ನು ಯಾರೂ ನೋಡುವುದಿಲ್ಲ. ಆಸನಗಳೆಲ್ಲ ಖಾಲಿಯಾಗಿರುತ್ತವೆ, ಅಲ್ಲಲ್ಲಿ ಒಂದೊಂದು ಕುಟುಂಬ ಹೊಸ ಕೋಟು ಹಾಕಿಕೊಂಡು, ನಮ್ಮ ಮಗನ ಹೆಸರು ಈಗ ಬಂದೀತೇ ಎಂದು ಕಾಯುತ್ತ ಕೂತಿರುತ್ತದೆ. ನಾವಿಬ್ಬರೂ ನೋಡುತ್ತಿದ್ದೆವು. ಕೊನೆಯ ಸುತ್ತಿನಲ್ಲಿ ನಮ್ಮ ತಂಡ ಯಾವುದೋ ಹೆಸರು ಕೂಗಿತು. ಕಡಲಾಚೆಯ ದೇಶದ ಹುಡುಗ. ಸ್ವೀಡನ್ನೋ, ಫಿನ್ಲೆಂಡೋ, ನನಗೆ ಸರಿಯಾಗಿ ಕೇಳಿಸಲಿಲ್ಲ. ತೆಳ್ಳಗಿದ್ದ, ಕಿವಿ ಕೆಂಪಗಾಗಿದ್ದವು. ಅಪ್ಪನ ಕೈ ಕುಲುಕಿ, ಮೆಟ್ಟಿಲಿಳಿದು ಹೋಗಿ, ನಮ್ಮ ನೀಲಿ ಅಂಗಿ ತೊಟ್ಟುಕೊಂಡ. ಕ್ಯಾಮೆರಾ ಒಂದು ಗಳಿಗೆ ಅವನ ತಾಯಿಯ ಮೇಲೆ ನಿಂತಿತು. ಅವಳು ಚಪ್ಪಾಳೆ ತಟ್ಟುತ್ತಿದ್ದಳು, ನಗುತ್ತಿದ್ದಳು, ಆದರೆ ಮಗ ಈಗಾಗಲೇ ಹೊರಟುಹೋದನೆಂಬಂತೆ ಅವನನ್ನು ನೋಡುತ್ತಿದ್ದಳು.

ನಮ್ಮವರು ಟಿವಿಯ ಹತ್ತಿರ ಸರಿದು ಕೂತರು. "ಸಣ್ಣಾಂವ ಅದಾನ" ಅಂದರು. "ಇಲ್ಲೆ ಬಂದ್ರ ಯಾರ್ ಅದಾರ ಅವಗ? ಮಾತು ಬರೂದಿಲ್ಲ, ಕತಿ ಬರೂದಿಲ್ಲ. ಕಡೀ ನಂಬರಿನಾಂವ ಅಂತ ಯಾರೂ ಚಪ್ಪಾಳಿನೂ ತಟ್ಟೂದಿಲ್ಲ."

ಅಷ್ಟರಲ್ಲಿ ಫೋನು ಬಂತು. ಶಂಕ್ರಪ್ಪ. ಇವರು ಎತ್ತಿಕೊಂಡರು. ಬಹಳ ಹೊತ್ತು ಆಚೆಯ ಮಾತು ಕೇಳಿದರು.

"ಇಲ್ಲೋ ಶಂಕ್ರ್ಯಾ" ಅಂದರು ಕೊನೆಗೆ. "ನಾ ಬರಾಂಗಿಲ್ಲ. ಬ್ಯಾರೇದಾವ್ರನ್ನ ನೋಡ್ಕೋ, ಬ್ಯಾಸರ ಮಾಡ್ಕೋಬ್ಯಾಡ. ನಮ್ಮ ಟೀಮಿಗೆ ಹೊಸಾ ಹುಡುಗೂರು ಬರಾಕತ್ತಾರ. ಅವು ತಯಾರಾಗಾಕ ನಾಕೈದು ವರ್ಷರ ಬೇಕು. ನಾವ ಇಲ್ಲಂದ್ರ ಹೆಂಗ?"

ಆಚೆ ಶಂಕ್ರಪ್ಪ ಏನೆಂದನೋ, ಇವರು ಜೋರಾಗಿ ನಕ್ಕು ಫೋನಿಟ್ಟರು. ನಾನು ಗೆದ್ದಿದ್ದೆ! ಲಾಟರಿಯಿಲ್ಲದೆ, ಚೀಟಿಯಿಲ್ಲದೆ, ಹರಕೆಯ ದೇವರು ನನ್ನ ಕಡೆ ತಿರುಗಿಯೂ ನೋಡದೆ ಗೆದ್ದಿದ್ದೆ. ಸೋಮವಾರ ಡೋರೀನಳಿಗೆ ಹೇಗೆ ಹೇಳಬೇಕು, ವಾಲ್ಟ್ ಮೇಜಿನ ಮೇಲೆ ಎಷ್ಟು ಜೋರಾಗಿ ಗುದ್ದುತ್ತಾನೆ ಎಂದೆಲ್ಲ ಒಂದೇ ಉಸಿರಿನಲ್ಲಿ ಮನಸ್ಸಿನಲ್ಲಿ ನಡೆದುಹೋಯಿತು. ಟಿವಿಯಲ್ಲಿ ಆ ತಾಯಿಯನ್ನು ಮತ್ತೊಮ್ಮೆ ತೋರಿಸಿದರು. ಈಗ ಅವಳು ಕೂತಿದ್ದಳು, ಮಗನ ಕೋಟನ್ನು ತೊಡೆಯ ಮೇಲಿಟ್ಟುಕೊಂಡು ಸವರುತ್ತಿದ್ದಳು. ಅದನ್ನು ನೋಡುತ್ತಿದ್ದಂತೆ, ಇಷ್ಟು ವರ್ಷ ಒಮ್ಮೆಯೂ ಊರು ಬೇಕು ಅನ್ನದ ನನಗೆ ಹುಬ್ಬಳ್ಳಿ ಬೇಕೆನಿಸಿತು. ನಮ್ಮ ಓಣಿ, ಸಂತೆಯ ಗದ್ದಲ, ಕೂಗಿ ಕರೆಯುವ ಗೆಳತಿಯರು, ಎಲ್ಲವೂ ಒಂದೇ ಸಲ ಎದೆಗೆ ಬಂದು ಒತ್ತಿದವು. ಇರುವುದು ಖಾತ್ರಿಯಾದ ಮೇಲೇ ಹೋಗುವ ಆಸೆ ಹುಟ್ಟಬೇಕೇ?

"ರೀ" ಅಂದೆ. "ಜನವರಿಯಾಗ ಒಂದ್ ತಿಂಗಳ ಹುಬ್ಬಳ್ಳಿಗೆ ಹೋಗಿ ಬರೂಣು."

ನಮ್ಮವರು ನೀಲಿ ಟೋಪಿ ತೆಗೆದು ನನ್ನನ್ನೇ ದಿಟ್ಟಿಸಿ ನೋಡಿದರು. ಅಷ್ಟು ಆಶ್ಚರ್ಯ ಅವರ ಮುಖದಲ್ಲಿ ನಾನು ಕಂಡಿರಲಿಲ್ಲ.

"ಜನವರಿಯಾಗ? ಸೀಸನ್ ನಡುವ? ನಿನಗೇನ್ ತಲಿ ಕೆಟ್ಟೈತೇನ ಗಿರಿಜಾ?"